ಮುಳುಗಿದವರ ಭಾಗ್ಯ

ಹಡಗಿನ ಹೆಸರು ಉಳಿಯಬೇಕಾದರೆ ಅದು ಮೊದಲನೇ ಪ್ರಯಾಣದಲ್ಲೇ ಮುಳುಗಬೇಕು ಎಂಬುದು ನನ್ನ ಬಹುದಿನದ ಗುಮಾನಿ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಸುಮಾರು ಎರಡು ಶತಮಾನ ಪೂರ್ವದೇಶಗಳಿಗೆ ಓಡಾಡಿದವು. ನಮ್ಮ ಬಸರೂರಿನಲ್ಲೂ ಆ ಕಂಪನಿಯ ಕೋಠಿ ಇತ್ತು. ಹೊತ್ತಿಗೆ ಸರಿಯಾಗಿ ಹೋಗಿ, ಸರಕು ತುಂಬಿ, ಕ್ಷೇಮವಾಗಿ ಮನೆ ಸೇರಿದ ಆ ನೂರಾರು ಸಭ್ಯ ಹಡಗುಗಳಲ್ಲಿ ಒಂದರ ಹೆಸರು ಹೇಳಿ ನೋಡೋಣ!

‘ಆಮ್‌ಸ್ಟರ್‌ಡ್ಯಾಮ್’ ಅಂಥ ಸಭ್ಯ ಹಡಗಲ್ಲ. 1749ರ ಜನವರಿಯಲ್ಲಿ ಅದು ಹಾಲೆಂಡಿನ ಟೆಕ್ಸೆಲ್‌ನಿಂದ ಬಟಾವಿಯಾಕ್ಕೆ, ಅಂದರೆ ಇಂದಿನ ಜಕಾರ್ತಾಕ್ಕೆ ಹೊರಟಿತು. ಅದಕ್ಕೂ ಮುಂಚೆ ಎರಡು ಸಲ ಹೊರಟು, ಗಾಳಿ ಕೂಡಿಬರದೆ ವಾಪಸಾಗಿತ್ತು. ಮೂರನೇ ಸಲ ಬಿರುಗಾಳಿಗೆ ಸಿಕ್ಕಿ ಚುಕ್ಕಾಣಿ ಮುರಿಯಿತು. ಒಳಗೆ ಕಾಯಿಲೆ ಹಬ್ಬಿ ಜನ ಸಾಯತೊಡಗಿದರು. ಉಳಿದವರು ಕಪ್ತಾನ ವಿಲ್ಲೆಮ್ ಕ್ಲುಂಪ್‌ನ ಮೇಲೆ ದಂಗೆಯೆದ್ದು, ದಾಸ್ತಾನಿನ ವೈನಿಗೆ ಕೈಹಾಕಿದರು. ಸಾಯುವುದು ಖಂಡಿತವಾದ ಮೇಲೆ ಸರಕಿನ ಲೆಕ್ಕ ಯಾರಿಗೆ ಕೊಡಬೇಕು? ಜನವರಿ 26ರಂದು ಹಡಗು ಇಂಗ್ಲೆಂಡಿನ ಹೇಸ್ಟಿಂಗ್ಸ್ ಪಕ್ಕದ ಬುಲ್ವರ್‌ಹೈತ್ ದಡಕ್ಕೆ ಬಂದು ಹೂತಿತು. ಹಡಗಿನಲ್ಲಿದ್ದ ಬೆಳ್ಳಿಯನ್ನು ಅಧಿಕಾರಿಗಳು ಸಾಗಿಸಿದರು, ಕೈಗೆ ಸಿಕ್ಕಿದ್ದನ್ನು ಊರವರು ಸಾಗಿಸಿದರು. ಮಿಕ್ಕಿದ್ದು ಕೆಸರಿನ ಪಾಲು.

ಆ ಕೆಸರು ಮಾತ್ರ ಬಹಳ ಜೋಪಾನವಾಗಿ ಇಟ್ಟುಕೊಂಡಿತ್ತು. 1969ರಲ್ಲಿ ಸಮುದ್ರದೊಳಕ್ಕೆ ಕೊಳಚೆ ಕೊಳವೆ ಹಾಕಲು ಬಂದಿದ್ದ ಕೆಲಸಗಾರರು ತಮ್ಮ ಅಗೆಯುವ ಯಂತ್ರವನ್ನೇ ತಂದು ಹಡಗಿನೊಳಕ್ಕೆ ಇಳಿಸಿದರು. ಪುರಾತತ್ತ್ವಜ್ಞರು ತಲೆ ಚಚ್ಚಿಕೊಳ್ಳುವ ಪದ್ಧತಿ ಅದು. ಆದರೂ ವೈನ್ ತುಂಬಿದ ಬಾಟಲಿಗಳು ಮೇಲೆ ಬಂದವು. ಪೀಟರ್ ಮಾರ್ಸ್‌ಡೆನ್ ಎಂಬ ಪುರಾತತ್ತ್ವಜ್ಞರು ಬಂದು ನೋಡಿದರೆ, ಹಡಗಿನ ಬಹುಪಾಲು ಕೆಳಗೆ ಭದ್ರವಾಗಿ ಕೂತಿದೆ!

ಇಲ್ಲಿಂದ ಶುರು ಸ್ವಯಂಸೇವಕರ ಕಥೆ. 1985ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ನೂರಾರು ಜನ ಸೇರಿ ಅದೇ ಹಡಗಿನ ಪೂರ್ಣಾಕಾರದ ಪ್ರತಿಕೃತಿ ಕಟ್ಟಲು ಕೂತರು. ಸಂಬಳದವನನ್ನು ಯಾಕಯ್ಯಾ ತಡ ಎಂದು ಗದರಬಹುದು. ಬಿಟ್ಟಿ ದುಡಿಯುವವನನ್ನು ಗದರುವ ಧೈರ್ಯ ಯಾರಿಗಿದೆ? ಅಂಥದ್ದರಲ್ಲೂ 1990ಕ್ಕೆ ಕೆಲಸ ಮುಗಿಯಿತು. ಆ ನಕಲು ಹಡಗು ಅಲ್ಲಿನ ಕಡಲ ವಸ್ತುಸಂಗ್ರಹಾಲಯದ ಪಕ್ಕದಲ್ಲಿ ನಿಂತಿದೆ. ಅಸಲಿನ ಯಾನ ಮೂರು ವಾರ ತುಂಬಲಿಲ್ಲ. ನಕಲಿಗೆ ಮೂವತ್ತು ವರ್ಷ ದಾಟಿದೆ.

ಅತ್ತ ಹೇಸ್ಟಿಂಗ್ಸ್‌ನಲ್ಲಿ 1986ರಲ್ಲಿ ಮಾರ್ಸ್‌ಡೆನ್ ಹಡಗು ಅವಘಡಗಳ ಮ್ಯೂಸಿಯಂ ಒಂದನ್ನು ಕಟ್ಟಿದರು. ಇಂಥ ಮ್ಯೂಸಿಯಂಗಳು ನಡೆಯುವುದೇ ಸ್ವಯಂಸೇವಕರಿಂದ. ನೌಕರಿಯವನು ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ. ಸ್ವಯಂಸೇವಕ ಕೇಳದಿದ್ದಕ್ಕೂ ಕೊಡುತ್ತಾನೆ. ಶೌಚಾಲಯ ಎಲ್ಲಿ ಎಂದು ಕೇಳಿದವನೂ ಚುಕ್ಕಾಣಿ ಮುರಿದ ವೃತ್ತಾಂತ ಕೇಳಿಯೇ ಮುಂದೆ ಹೋಗಬೇಕು. ನನಗಂತೂ ಈ ಜಾತಿಯವರು ಇಷ್ಟ. ಇನ್ನೂರೈವತ್ತು ವರ್ಷ ಕಳೆದ ಮೇಲೂ ಕ್ಲುಂಪ್ ಮಾಡಬೇಕಿದ್ದದ್ದೇನು ಎಂದು ಚಹಾ ಆರಿಸಿಕೊಂಡು ಚರ್ಚಿಸುವವರು ಬೇರೆಲ್ಲಿ ಸಿಗುತ್ತಾರೆ?

ಇಷ್ಟಾಗಿಯೂ ಅಸಲು ಹಡಗು ಇನ್ನೂ ಅಲ್ಲೇ ಇದೆ. ಕಂಪನಿ 1799ರಲ್ಲಿ ಮುಚ್ಚಿತು. ವಾರಸುದಾರಿಕೆ ಡಚ್ ಸರ್ಕಾರದ್ದು. ಹಡಗು ಇವರದು, ಕೆಸರು ಇಂಗ್ಲಿಷರದು, ರಕ್ಷಣೆಯ ಕಾನೂನೂ ಇಂಗ್ಲಿಷರದೇ. ಬೇಲಿಯಾಚೆ ಬಿದ್ದ ತೆಂಗಿನಕಾಯಿ ಯಾರದೆಂದು ಕೋರ್ಟು ಹತ್ತಿದವರಿಗೆ ಇದು ಚೆನ್ನಾಗಿ ಅರ್ಥವಾದೀತು. ಎತ್ತಿ ತವರಿಗೆ ಒಯ್ಯುವ ಮಾತು ಎದ್ದದ್ದುಂಟು, ಹಡಗು ಏಳಲಿಲ್ಲ.

ನೋಡಬೇಕೆನ್ನುವವರು ಭಾರೀ ಇಳಿತದ ದಿನ ಹೋಗಬೇಕು. ಆಗ ಅಸ್ಥಿಪಂಜರದ ಮೇಲಂಚು ಕಾಣುತ್ತದೆ. ತೀರಾ ಹತ್ತಿರ ಹೋಗಬೇಡಿ. ಹಡಗನ್ನೇ ಬಿಡದ ಕೆಸರು ನಿಮ್ಮ ಬೂಟು ಬಿಟ್ಟೀತೆ? ನಿಮ್ಮನ್ನೂ ಅಗೆದು ತೆಗೆಯುವಷ್ಟು ಪುರುಸೊತ್ತು ಸ್ವಯಂಸೇವಕರಿಗಿಲ್ಲ.