ಕೊಬ್ಬರಿ ಅಟ್ಟದ ಕಿರ್ ಕಿರ್

ನಮ್ಮ ಬೀರೂರಿನ ಮನೆಯ ಅಟ್ಟ ಮನುಷ್ಯರಿಗೆಂದು ಕಟ್ಟಿದ್ದಲ್ಲ, ತೆಂಗಿನಕಾಯಿಗೆಂದು ಕಟ್ಟಿದ್ದು. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಮರೆತುಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತದೆ. ಉಂಡೆ ಕೊಬ್ಬರಿ ಆಯಿತು ಅಂತ ಅರ್ಥ. ಆಮೇಲೆ ಸುಲಿದು, ಒಡೆದು, ಅರಸೀಕೆರೆಗೋ ತಿಪಟೂರಿಗೋ ಲಾರಿ ಹತ್ತಿಸುವುದು. ಗಾಳಿಯಾಡಲೆಂದು ಅಜ್ಜ ತೊಲೆಗಳ ಮೇಲೆ ಅಡಿಕೆ ದಬ್ಬೆಯನ್ನು ಬೆರಳಗಲ ಸಂದು ಬಿಟ್ಟು ಹಾಸಿಸಿದ್ದರು. ಆ ಅಟ್ಟದಲ್ಲಿ ಸದ್ದು ಮಾಡುವ ಹಕ್ಕಿದ್ದದ್ದು ಕಾಯಿಗೆ ಮಾತ್ರ. ಇಲಿಗೂ ಸ್ವಲ್ಪ.

2020ರಲ್ಲಿ ಮಗ ಲ್ಯಾಪ್‌ಟಾಪ್ ಸಮೇತ ಬೆಂಗಳೂರಿನಿಂದ ಬಂದಿಳಿದ. ಕೆಳಗೆ ನನ್ನ ಟೀವಿ, ಅವರಮ್ಮನ ಕುಕ್ಕರು. "ಅಟ್ಟಾನೇ ರೂಮ್ ಮಾಡ್ಬಿಡೋಣಪ್ಪ" ಅಂದ. ದಬ್ಬೆ ಕಿತ್ತು ಹಲಗೆ ಹೊಡೆಸಿದೆ. ಅಗ್ಗಕ್ಕೆ ಸಿಕ್ಕಿತೆಂದು ಹಸಿ ಮಾವಿನ ಹಲಗೆ, ಅದೂ ಆಷಾಢದ ಸೋನೆಯಲ್ಲಿ. "ಮೂರು ತಿಂಗ್ಳು ಒಣಗ್ಲಿ, ಮೇಷ್ಟ್ರೇ" ಅಂತ ಆಚಾರಿ ಹೇಳಿದ್ದರು. ಸೋಮವಾರ ಮಗನಿಗೆ ಮೀಟಿಂಗ್ ಇದೆ ಅಂದೆ. ಮರಕ್ಕೆ ಅದು ಗೊತ್ತಿರಲಿಲ್ಲ.

ಶಿವರಾತ್ರಿ ಹೊತ್ತಿಗೆ ಹಲಗೆ ಒಣಗಿ ಕುಗ್ಗಿತು, ಮೊಳೆಯ ಹಿಡಿತ ಸಡಿಲಾಯಿತು. ಕಾಲಿಟ್ಟರೆ ಹಲಗೆ ಒಂದು ನೂಲು ಇಳಿಯುತ್ತದೆ, ಕಾಲೆತ್ತಿದರೆ ಒಂದು ನೂಲು ಏಳುತ್ತದೆ. ಇಳಿಯುವಾಗಲೂ ಏಳುವಾಗಲೂ ಮೊಳೆಗೆ ಮೈ ಉಜ್ಜಿ ಕಿರ್ ಅನ್ನುತ್ತದೆ. "ನಿಮ್ಮನೇಲಿ ಬಾತುಕೋಳಿ ಸಾಕಿದೀರಾ?" ಅಂತ ಮೀಟಿಂಗಿನಲ್ಲಿ ಯಾರೋ ಕೇಳಿದರಂತೆ.

ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಪಾಲಿಗೆ ನೆಲವೇ ಕುಣಿಯುತ್ತಿತ್ತು. ತೆಂಗಿನ ಸೀಮೆಯವನಿಗೆ ಸಕಲ ರೋಗಕ್ಕೂ ಕೊಬ್ಬರಿ ಎಣ್ಣೆಯೇ ಮದ್ದು ತಾನೆ? ಸಂದಿಗೆಲ್ಲ ಸುರಿದೆ. ಅದು ಇಳಿದು ಕೆಳಗೆ ಮುದ್ದೆ ಕಟ್ಟುತ್ತಿದ್ದವಳ ನೆತ್ತಿಗೆ ಬಿತ್ತು. ಮಾರನೆಯ ದಿನ ಇರುವೆ ಸಾಲು. ಮುಖಕ್ಕೆ ಹಾಕುವ ಪೌಡರ್ ತುಂಬಿದರೆ ಉಜ್ಜಾಟ ನಿಲ್ಲುತ್ತದೆ ಅಂತ ಮಗ ಎಲ್ಲೋ ಓದಿ ಬಂದ. ಎರಡು ದಿನ ನಿಂತಿದ್ದೂ ಹೌದು. ಮೂರನೆಯ ದಿನ ಸಾರಿನಲ್ಲಿ ಮಲ್ಲಿಗೆ ವಾಸನೆ.

ಸೋತು ನಾನೇ ಒಂದು ವಾದ ಹೂಡಿದೆ. ಜಪಾನಿನ ಕ್ಯೋಟೊದಲ್ಲಿ, 1603ರಲ್ಲಿ ಕಟ್ಟಿದ ನಿಜೋ ಕೋಟೆಯ ಪಡಸಾಲೆಯಲ್ಲಿ ಹೆಜ್ಜೆಯಿಟ್ಟರೆ ನೆಲ ಹಕ್ಕಿಯ ಹಾಗೆ ಉಲಿಯುತ್ತದೆ. ಅಲ್ಲೂ ಮರದಡಿಯ ಕಬ್ಬಿಣ ಮೊಳೆಗೆ ಉಜ್ಜಿಯೇ ಆ ದನಿ. ಜನ ದುಡ್ಡು ಕೊಟ್ಟು ನೋಡಿ ಬರುತ್ತಾರೆ, ಗೊತ್ತಾ ಅಂದೆ. "ರೀ, ಅದು ಅರಮನೆ, ಇದು ಅಡುಗೆಮನೆ. ಆಚಾರೀನ ಕರೀರಿ" ಅಂದಳು.

ಆಚಾರಿ ಬಂದವರೇ ನನ್ನ ಕೈಗೆ ಸೀಮೆಸುಣ್ಣ ಕೊಟ್ಟರು. ಮೂವತ್ತು ವರ್ಷ ಹಿಡಿದ ಕೈ, ತಾನಾಗಿ ಚಾಚಿತು. ಮಗ ಮೇಲೆ ನಡೆಯುವುದು, ಅವರು ಕೆಳಗಿನಿಂದ ಟಾರ್ಚ್ ಬಿಟ್ಟು "ಇಲ್ಲಿ" ಅನ್ನುವುದು, ನಾನು ಮಂಡಿಯೂರಿ ಇಂಟು ಮಾರ್ಕು ಹಾಕುವುದು. ಹದಿನೇಳು ತಪ್ಪು ಸಿಕ್ಕವು. ಮೊಳೆ ಕಿತ್ತರು. ತೊಲೆಗೂ ಹಲಗೆಗೂ ನಡುವೆ ಜಾಗ ಬಿಟ್ಟಿದ್ದ ಕಡೆ ತೆಳ್ಳನೆಯ ಬೆಣೆ ತೂರಿಸಿ, ಸ್ಕ್ರೂ ಬಿಗಿದರು. ಸಂದುಗಳಿಗೆ ಮರದ ಹೊಟ್ಟು, ಫೆವಿಕಾಲ್ ಕಲಸಿ ಮೆತ್ತಿದರು. ಸಂಜೆ ಮಗ ಅಟ್ಟದ ತುಂಬ ಓಡಾಡಿದ. ಒಂದು ಕಿರ್ ಇಲ್ಲ.

ಮರುವರ್ಷ ಕಂಪನಿ ವಾಪಸ್ ಕರೆಯಿತು, ಮಗ ಹೊರಟ. ಖಾಲಿ ಅಟ್ಟ ಕಂಡು ತೋಟದ ಕಾಯನ್ನೆಲ್ಲ ಮೇಲೇರಿಸಿದೆ. ಸಂದೇ ಇಲ್ಲದ ಮೇಲೆ ಗಾಳಿ ಎಲ್ಲಿಂದ ಬರಬೇಕು? ತಳದ ಕಾಯಿಗೆಲ್ಲ ಬೂಷ್ಟು ಹಿಡಿದಿದೆ. ಸೋಮವಾರ ಆಚಾರಿ ಬರುತ್ತಾರೆ, ಒಂದು ಬಿಟ್ಟು ಒಂದು ಹಲಗೆ ತೆಗೆಯಲು. ಸ್ಕ್ರೂ ಆದ್ದರಿಂದ ಬಿಚ್ಚುವುದು ಸುಲಭವಂತೆ. ಕೂಲಿ ಮಾತ್ರ ಬಿಗಿದಾಗಿನಷ್ಟೇ.