ಹಿಮ್ಮಡಿ ಕಾಕಾ

ಎದುರಿಗೆ ಬಂದವರ ಮುಖ ನೋಡಿ ಮಾತಾಡಿಸುವುದು ಲೋಕರೂಢಿ. ಹಿಮ್ಮಡಿ ನೋಡಿ ಮಾತಾಡಿಸುವವರೂ ಇದ್ದಾರೆ. ಅಂಥವರು ಬಳಗಕ್ಕೊಬ್ಬರಂತೆ ಹಂಚಿಕೆಯಾಗಿರುತ್ತಾರೆ. ನಮ್ಮ ಪಾಲಿಗೆ ಬಂದವರು ವಿಜಯಪುರದ ಕಾಕಾ. ಟೂತ್‌ಪೇಸ್ಟಾಗಲಿ, ಬಿಸ್ಕತ್ತಾಗಲಿ, ಪೊಟ್ಟಣದ ಹಿಂಬದಿಯ ಸಣ್ಣಕ್ಷರವನ್ನು ಓದಿಯೇ ಕೆಳಗಿಡುವುದು. ಮುಂಬದಿಯಲ್ಲಿ ನಗುವ ಸುಂದರಿಯತ್ತ ಅವರು ಕಣ್ಣೆತ್ತಿಯೂ ನೋಡುವುದಿಲ್ಲ ಎಂಬುದು ಕಾಕುವಿಗೆ ಹೆಮ್ಮೆ.

ಡಿಸೆಂಬರಿನಲ್ಲಿ ಒಂದು ಮದುವೆ. ಮುಷ್ಟಿಯಲ್ಲಿ ಅಕ್ಷತೆ ಹಿಡಿದು ಬರಿಗಾಲಲ್ಲಿ ಮಂಟಪದ ಕಡೆ ಹೊರಟಿದ್ದೆ. ಕುರ್ಚಿಯಲ್ಲಿ ಕೂತಿದ್ದ ಕಾಕಾ ಅಂಗಿ ಹಿಡಿದು ಜಗ್ಗಿದರು.

“ತಮ್ಮಾ, ಏನೋ ಇದು? ಬ್ಯಾಸಗಿ ಎರಿ ಹೊಲ ಆಗೇತಲ್ಲೋ! ಯೂರಿಯಾ ಹಚ್ಚಂಗಿಲ್ಲೇನು?”

ಸುತ್ತಲಿನ ನಾಲ್ಕು ಸಾಲು ನನ್ನ ಕಾಲು ನೋಡಿತು.

“10 ಪರ್ಸೆಂಟಿಂದು ಚರ್ಮದಾಗ ನೀರು ಹಿಡದಿಡ್ತೈತಿ. 20 ದಾಟ್ತಂದ್ರ ದಪ್ಪಗಾದ ಚರ್ಮ ಸಡಲಸ್ತೈತಿ. 40 ಅಂದ್ರ ಉಗುರನ್ನೂ ಮೆತ್ತಗ ಮಾಡ್ತೈತಿ, ಆದ್ರ ಅದು ಡಾಕ್ಟರ್ ಹೇಳಿದ್ರಷ್ಟ. ಜಳಕಾ ಆದಕೂಡ್ಲೆ, ಹಸಿ ಇದ್ದಾಗ ಹಚ್ಚಬೇಕು. ಸೀಳಿ ರಕ್ತ ಬಂದಲ್ಲೆ ಹಚ್ಚಬ್ಯಾಡ, ಉರಿತೈತಿ.”

ಪಕ್ಕದಲ್ಲಿ ಬೂಂದಿಲಾಡು ಮುರಿಯುತ್ತಿದ್ದ ಬೀಗರು ಮೆಲ್ಲಗೆ ಕೇಳಿದರು: “ಯೂರಿಯಾ ಅಂದ್ರ... ಮೂತ್ರದಾಗಿಂದು ಅಲ್ಲೇನ್ರಿ?”

ಕೇಳಬಾರದಿತ್ತು. “ಅದು ಹಳೇ ಕಥಿರಿ! 1828ರಾಗ ಜರ್ಮನಿಯ ವೋಲರ್ ಪ್ರಯೋಗಶಾಲೆಯೊಳಗ, ಮೂತ್ರದ ಹಂಗಿಲ್ಲದ ಮಾಡಿ ತೋರ್ಸ್ಯಾನ. ಕ್ರೀಮಿನೊಳಗಿಂದು ಕಾರ್ಖಾನಿ ಮಾಲು. ಅಷ್ಟಕ್ಕೂ ನಿಮ್ಮ ಚರ್ಮದಾಗೂ ಯೂರಿಯಾ ಐತ್ರಿ, ಬೆವರಿನಾಗೂ ಐತಿ.”

ಬೀಗರು ಲಾಡು ಕೆಳಗಿಟ್ಟರು. ಅಷ್ಟರಲ್ಲಿ ಗಟ್ಟಿಮೇಳ ಮುಗಿದಿತ್ತು. ಅಕ್ಷತೆ ನನ್ನ ಮುಷ್ಟಿಯಲ್ಲೇ ಬೆವರಿತ್ತು.

ಹೋಗಲಿ, ಮನುಷ್ಯ ಹೇಳಿದ್ದು ಸುಳ್ಳಾದರೂ ಆಗಿದ್ದರೆ ಸಿಟ್ಟು ಮಾಡಿಕೊಂಡು ಸುಖವಾಗಿರಬಹುದಿತ್ತು. ಅವರು ಜೇಬಿಗೆ ತುರುಕಿದ ಟ್ಯೂಬು ಕೆಲಸ ಮಾಡಿತು. ಈಗ ನಾನು ಕಾಲುಚೀಲ ಹಾಕಿಕೊಂಡು ಮಲಗುತ್ತೇನೆ, ಮನೆಯಲ್ಲಿ ನಗುತ್ತಾರೆ.

ಕಾಕಾ ನಿವೃತ್ತರಾಗುವವರೆಗೆ ಗೊಬ್ಬರದ ಅಂಗಡಿ ಇಟ್ಟಿದ್ದವರು. ಮುಂಗಾರಿನಲ್ಲಿ ಯೂರಿಯಾ ಬಂತೆಂದರೆ ಕಟ್ಟೆಯ ಮುಂದೆ ಪಾಳಿ. ಚಪ್ಪಲಿ ಕಳಚಿಟ್ಟು ಮೆಟ್ಟಿಲೇರುವ ರೈತರ ಹಿಮ್ಮಡಿಗಳನ್ನು ಗಲ್ಲಾದ ಹಿಂದೆ ಕೂತು ವರ್ಷಗಟ್ಟಲೆ ನೋಡಿದ್ದಾರೆ. 45 ಕಿಲೋ ಚೀಲ ಹೆಗಲಿಗೇರಿಸುವಾಗ ಒಬ್ಬ ಕೇಳಿದನಂತೆ, ಇದರಾಗಿನ ಒಂದು ಹಿಡಿ ಕೊಬ್ಬರಿ ಎಣ್ಣ್ಯಾಗ ಕಲಸಿ ಕಾಲಿಗೆ ಹಚ್ಚಲೇನ್ರಿ ಎಂದು. ಕಾಕಾ ಗಾಬರಿಯಾಗಿ, ಇದಕ್ಕೆ ಬೇವಿನೆಣ್ಣೆಯ ಲೇಪ ಕೊಟ್ಟಿರುತ್ತಾರೆ, ಇದು ಹೊಲಕ್ಕೆ ಮಾತ್ರ ಎಂದು ಬೈದು ಔಷಧದಂಗಡಿಗೆ ಅಟ್ಟಿದರು. ಅವನು ಬೆಲೆ ಕೇಳಿಕೊಂಡು ಬರಿಗೈಯಲ್ಲಿ ವಾಪಸು ಬಂದ.

“ಆ ರೊಕ್ಕದಾಗ ಇನ್ನೊಂದು ಚೀಲಾನ ಬರ್ತೈತಲ್ರಿ ಸಾವಕಾರ್ರ.”

ಲೆಕ್ಕ ಸರಿಯಾಗಿತ್ತು. ಚೀಲಕ್ಕೆ ಸರ್ಕಾರದ ಸಹಾಯಧನವಿದೆ, ಹಿಮ್ಮಡಿಗಿಲ್ಲ. ಟ್ಯೂಬನ್ನು ಕಾಕಾ ತಾವೇ ತರಿಸಿಕೊಟ್ಟರು. ಅಲ್ಲಿಂದ ಶುರುವಾದದ್ದು ಈ ಹಂಚುವ ಚಟ. ಒಂದನ್ನಾದರೂ ಉದ್ರಿ ಖಾತೆಯಲ್ಲಿ ಬರೆದಿಟ್ಟಿದ್ದರೆ ಇಷ್ಟೊತ್ತಿಗೆ ಮಾಳಿಗೆ ಮೇಲೊಂದು ಕೋಣೆ ಏಳುತ್ತಿತ್ತು ಎಂದು ಕಾಕು ಇವತ್ತಿಗೂ ಗೊಣಗುತ್ತಾರೆ.