ಜೂಲಿಯೆಟ್‌ಳನ್ನು ಯಾರೂ ಕೇಳಲಿಲ್ಲ

ಕ್ರಿಸ್ಮಸ್ ಹತ್ತಿರ ಬಂದಾಗ ನಿಮ್ಮ ಮನೆಯಲ್ಲೂ ‘ಲವ್ ಆಕ್ಚುಯಲಿ’ ಹಾಕ್ತಾರಾ? ಡಿಸೆಂಬರ್ 25ರಂದು ಲಂಡನ್ನಿನಲ್ಲಿ ಟ್ಯೂಬ್ ರೈಲೂ ಓಡುವುದಿಲ್ಲ, ಬಸ್ಸೂ ಓಡುವುದಿಲ್ಲ. ಮನೆಮಂದಿಯೆಲ್ಲ ಟಿವಿ ಮುಂದೆ. ರಿಚರ್ಡ್ ಕರ್ಟಿಸ್ 2003ರಲ್ಲಿ ತೆಗೆದ ಈ ಚಿತ್ರವಂತೂ ಹಬ್ಬದ ಅಡುಗೆಯ ಹಾಗೆ ವರ್ಷವರ್ಷವೂ ಬಂದೇ ಬರುತ್ತದೆ. ನನಗೂ ಅದರ ಮೇಲೆ ಪ್ರೀತಿಯಿದೆ. ಹೀಥ್ರೋ ನಿಲ್ದಾಣದಲ್ಲಿ ನಿಜವಾದ ಪ್ರಯಾಣಿಕರು ತಮ್ಮವರನ್ನು ಅಪ್ಪಿಕೊಳ್ಳುವ ಮೊದಲ ದೃಶ್ಯ ನೋಡಿದಾಗ, ಬೆಂಗಳೂರಿನಿಂದ ಬರುವ ಅಮ್ಮನಿಗಾಗಿ ಅದೇ ಕಂಬಿಯ ಹತ್ತಿರ ಕಾದು ನಿಂತ ಯಾವ ಕನ್ನಡಿಗರಿಗೆ ಗಂಟಲು ಕಟ್ಟುವುದಿಲ್ಲ ಹೇಳಿ?

ಆದರೆ ಆ ಕಾರ್ಡಿನ ದೃಶ್ಯವಿದೆಯಲ್ಲ, ಅದನ್ನು ಮಕ್ಕಳ ಜೊತೆ ಸುಮ್ಮನೆ ಕೂತು ನೋಡುವುದು ನನ್ನಿಂದ ಆಗುವುದಿಲ್ಲ. ಮಾರ್ಕ್ ಜೀವದ ಗೆಳೆಯನ ಹೆಂಡತಿ ಜೂಲಿಯೆಟ್‌ಳ ಮನೆ ಬಾಗಿಲಿಗೆ ಬರುತ್ತಾನೆ. ಕ್ಯಾರಲ್ ಹಾಡುವವರು ಬಂದಿದ್ದಾರೆಂದು ಗಂಡನಿಗೆ ಹೇಳು ಅಂತ ಬರೆದು ತೋರಿಸುತ್ತಾನೆ. ಆಮೇಲೆ ಒಂದೊಂದೇ ಕಾರ್ಡು ತಿರುವುತ್ತ ತನ್ನ ಪ್ರೀತಿಯನ್ನೆಲ್ಲ ತೋಡಿಕೊಳ್ಳುತ್ತಾನೆ. ನಾಟಿಂಗ್ ಹಿಲ್‌ನ ಸೇಂಟ್ ಲ್ಯೂಕ್ಸ್ ಮ್ಯೂಸ್‌ನಲ್ಲಿರುವ ಆ ಮನೆಯ ಮುಂದೆ ಜೋಡಿಗಳು ಇಂದಿಗೂ ಫೋಟೊ ತೆಗೆಸಿಕೊಳ್ಳುತ್ತಾರೆ. ನೋಡಿ, ಅವನು ಬಾಯಿ ತೆರೆಯುವ ಮೊದಲೇ ಅವಳ ಬಾಯಿಂದ ಗಂಡನಿಗೆ ಸುಳ್ಳು ಹೇಳಿಸಿಯಾಯಿತು. ಅವಳ ಕೈಯಲ್ಲಿ ಮಾತ್ರ ಒಂದು ಕಾರ್ಡೂ ಇಲ್ಲ. ಕೊನೆಗೆ ಅವಳೇ ಓಡಿಬಂದು ಮುತ್ತು ಕೊಡುತ್ತಾಳಲ್ಲ ಅನ್ನುತ್ತೀರಿ. ನನ್ನನ್ನು ಹೆಚ್ಚು ಕಾಡುವುದು ಆ ಮುತ್ತೇ. ಕದ್ದು ಬಂದವನಿಗೂ ಬಹುಮಾನ ಸಿಗುತ್ತದೆ ಎಂದು ಹದಿಹರೆಯದ ಹುಡುಗ ಕಲಿಯುವುದು ಅಲ್ಲೇ. ಜೂಲಿಯೆಟ್‌ಳ ಪಾತ್ರ ಮಾಡುವಾಗ ಕೀರಾ ನೈಟ್ಲಿಗೆ ಹದಿನೇಳು ವರ್ಷ.

ಹೆಣ್ಣನ್ನು ಕೇಳದಿರುವ ಈ ರೀತಿ ಒಮ್ಮೆ ಕಣ್ಣಿಗೆ ಬಿದ್ದರೆ ಚಿತ್ರದ ತುಂಬ ಅದೇ ಕಾಣುತ್ತದೆ. ಅಮೆರಿಕದ ಅಧ್ಯಕ್ಷ ಬ್ರಿಟಿಷ್ ಪ್ರಧಾನಿ ನಿವಾಸದಲ್ಲೇ ಅಲ್ಲಿ ಕೆಲಸ ಮಾಡುವ ನಟಾಲಿಯ ಮೈಮೇಲೆ ಹೋಗುತ್ತಾನೆ. ನಮ್ಮ ಪ್ರಧಾನಿ ಪತ್ರಕರ್ತರೆದುರು ವೀರಾವೇಶದ ಭಾಷಣ ಮಾಡುತ್ತಾನೆ. ಏನಾಯಿತಮ್ಮ ಎಂದು ಅವಳನ್ನು ಒಂದು ಮಾತು ಕೇಳುವುದಿಲ್ಲ, ಬೇರೆ ಕಡೆಗೆ ವರ್ಗ ಮಾಡಿಸುತ್ತಾನೆ. ಅವಳು ದಪ್ಪ ಎಂಬ ನಗೆಮಾತು ಬೇರೆ. ಆ ಬಗೆಯ ಹಾಸ್ಯ ತಪ್ಪೆಂದು ಕರ್ಟಿಸ್ 2023ರಲ್ಲಿ ಚೆಲ್ಟನ್‌ಹ್ಯಾಮ್ ಸಾಹಿತ್ಯೋತ್ಸವದಲ್ಲಿ ಮಗಳು ಸ್ಕಾರ್ಲೆಟ್ ಎದುರು ಒಪ್ಪಿಕೊಂಡರು. ಅದಕ್ಕೆ ಅವರನ್ನು ಗೌರವಿಸುತ್ತೇನೆ.

ಇನ್ನು ಲೇಖಕ ಜೇಮಿಯ ಕಥೆ. ಮನೆಗೆಲಸದ ಔರೇಲಿಯಾಗೆ ಇಂಗ್ಲಿಷ್ ಬಾರದು, ಅವನಿಗೆ ಪೋರ್ಚುಗೀಸ್ ಬಾರದು. ಒಂದು ಮಾತೂ ಅರ್ಥವಾಗದೆ ಪ್ರೀತಿ ಹುಟ್ಟುತ್ತದೆ, ಆಮೇಲೆ ಮದುವೆಯೂ ಗೊತ್ತಾಗುತ್ತದೆ. ಇಲ್ಲಿ ಬ್ರಿಟನ್ನಿಗೆ ಗಂಡನನ್ನೋ ಹೆಂಡತಿಯನ್ನೋ ಭಾರತದಿಂದ ಕರೆಸಿಕೊಂಡವರನ್ನು ಕೇಳಿ. ಬರುವವರು ಇಂಗ್ಲಿಷ್ ಬರುತ್ತದೆಂದು ತೋರಿಸಬೇಕು. ಕರೆಸಿಕೊಳ್ಳುವವರಿಗೆ, 2024ರ ಏಪ್ರಿಲ್‌ನಿಂದ, ವರ್ಷಕ್ಕೆ ಕನಿಷ್ಠ 29,000 ಪೌಂಡ್ ಆದಾಯ ಇರಬೇಕು. ಅದಕ್ಕೆ ಮೊದಲು 18,600 ಸಾಕಿತ್ತು. ಸಂಬಂಧ ನಿಜವೆಂದು ತೋರಿಸಲು ಫೋಟೊ, ವಾಟ್ಸಾಪ್ ಮಾತುಕತೆ ಎಲ್ಲ ಜೋಡಿಸಿಡಬೇಕು. ಹೀಥ್ರೋದ ಅಪ್ಪುಗೆಯ ಹಿಂದೆ ಎಷ್ಟು ರಾತ್ರಿಗಳ ಫೋನ್ ಮಾತು ಇರುತ್ತದೆ! ಪ್ರೀತಿ ಇರುವುದು ಆ ಮಾತಿನಲ್ಲಿ ಎಂದೇ ನಾನು ನಂಬಿದ್ದೇನೆ. ಚಿತ್ರಕ್ಕೆ ಅದು ಬೇಡ.

ನಮ್ಮ ಕನ್ನಡ ಚಿತ್ರಗಳೇನು ಕಡಿಮೆ? 2006ರ ಡಿಸೆಂಬರಿನಲ್ಲೇ ಬಂದ ‘ಮುಂಗಾರು ಮಳೆ’ಯಲ್ಲಿ ಪ್ರೀತಮ್ ಹಿಂದೆ ಸರಿಯುತ್ತಾನೆ, ನಾವು ಅತ್ತೆವು. ನಂದಿನಿಗೂ ಅವನು ಬೇಕಾಗಿದ್ದ. ತ್ಯಾಗವನ್ನೂ ಅವಳನ್ನು ಕೇಳದೆ ಅವನೇ ನಿರ್ಧರಿಸಿಬಿಟ್ಟ. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ 1971ರಲ್ಲಿ ಮಾಡಿದ ‘ಶರಪಂಜರ’ ಬೇರೆಯೇ ದಾರಿ ಹಿಡಿಯಿತು. ಹೆಂಡತಿಗೆ ಹುಚ್ಚಿ ಎಂಬ ಹಣೆಪಟ್ಟಿ, ಗಂಡನಿಗೆ ಬೇರೊಬ್ಬಳ ಸಂಗ. ಆದರೆ ಕಾವೇರಿಯ ಸಂಕಟವನ್ನು ಪುಟ್ಟಣ್ಣ ಹಾಡಿನಿಂದ ಒರೆಸಿಹಾಕಲಿಲ್ಲ, ನಮ್ಮನ್ನು ಆರಾಮಾಗಿ ಮನೆಗೆ ಕಳಿಸಲಿಲ್ಲ.

ಕರ್ಟಿಸರ ಚಿತ್ರದಲ್ಲೂ ಅಂಥವಳೊಬ್ಬಳಿದ್ದಾಳೆ: ಎಮ್ಮಾ ಥಾಂಪ್ಸನ್ ಮಾಡಿದ ಕ್ಯಾರೆನ್. ಗಂಡನ ಕೋಟಿನ ಜೇಬಿನಲ್ಲಿದ್ದ ಸರ ತನಗಲ್ಲವೆಂದು ಗೊತ್ತಾದ ಕ್ಷಣ ಮಲಗುವ ಕೋಣೆಗೆ ಹೋಗಿ ಅಳುತ್ತಾಳೆ, ಹಾಸಿಗೆಯ ಹೊದಿಕೆ ಸರಿಮಾಡುತ್ತಾಳೆ, ಮುಖ ಒರೆಸಿಕೊಂಡು ಮಕ್ಕಳ ನಾಟಕಕ್ಕೆ ಹೊರಡುತ್ತಾಳೆ. ನಾಟಕ ಮುಗಿದ ಮೇಲೆ, ನನ್ನ ಜಾಗದಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ ಎಂದು ಗಂಡನನ್ನೇ ಕೇಳುತ್ತಾಳೆ. ನನಗೆ ಇಡೀ ಚಿತ್ರದಲ್ಲಿ ಪ್ರೀತಿಯ ಬಗ್ಗೆ ಪ್ರಾಮಾಣಿಕವಾಗಿ ಕಂಡದ್ದು ಅದೊಂದು ಪ್ರಶ್ನೆ, ಮತ್ತೆ ಥೇಮ್ಸ್ ದಂಡೆಯ ಬೆಂಚಿನಲ್ಲಿ ತಾಯಿಯನ್ನು ಕಳೆದುಕೊಂಡ ಸ್ಯಾಮ್‌ನನ್ನು ಅವನ ಮಲತಂದೆ ಕೂರಿಸಿಕೊಂಡು, ಏನಾಗಿದೆ ಮಗೂ ಎಂದು ವಿಚಾರಿಸುವುದು.

ನೋಡಬೇಡಿ ಅಂತ ನಾನು ಹೇಳುವುದಿಲ್ಲ, ಖಂಡಿತ ನೋಡಿ. ಕಾರ್ಡಿನ ದೃಶ್ಯ ಬಂದಾಗ ಮಾತ್ರ ರಿಮೋಟ್ ಒತ್ತಿ ಒಂದು ನಿಮಿಷ ನಿಲ್ಲಿಸಿ. ಬಾಗಿಲಲ್ಲಿ ನಿಂತಿರುವ ಜೂಲಿಯೆಟ್ ಏನು ಹೇಳಬಹುದಿತ್ತು ಎಂದು ಮಕ್ಕಳನ್ನು ಕೇಳಿ. ಮಗಳನ್ನಷ್ಟೇ ಅಲ್ಲ, ಮಗನನ್ನೂ ಕೇಳಿ.